ಗಡ್ಡ ಅಲ್ಲಾಡಿತು, ದನಿ ಬರಲಿಲ್ಲ

‘ಏಯ್, ಸೌಂಡೂ!’ ಎಂದು ಕೂಗಿಬಿಟ್ಟೆ. ಮಂಡ್ಯದ ಟೆಂಟಿನಲ್ಲಲ್ಲ ಸ್ವಾಮೀ, ಸ್ಯಾನ್ ಫ್ರಾನ್ಸಿಸ್ಕೋದ ಥಿಯೇಟರಿನಲ್ಲಿ. ಅದೂ ಐಸ್‌ಲ್ಯಾಂಡ್ ಭಾಷೆಯ ಸಿನಿಮಾಕ್ಕೆ!

ಪಕ್ಕದಲ್ಲಿದ್ದ ಗೆಳೆಯ ನಾಗರಾಜ ತೊಡೆ ಚಿವುಟಿದ. ‘ಲೋ, ಮಾನ ತೆಗೀಬೇಡ. ಇದು ಅಮೆರಿಕ ಕಣೋ.’ (ರೆಡ್‌ವುಡ್ ಸಿಟಿಯ ಆಫೀಸಿಗೆ ಟೈ ಕಟ್ಟಿಕೊಂಡು ಹೋಗಲು ಶುರು ಮಾಡಿದ ಮೇಲೆ ಅವನಿಗೆ ಮಾನ ಬಂದಿದೆ.)

ಕಾಮಿಡಿ ಚೆನ್ನಾಗಿತ್ತು. ಒಂದು ಮೀನುಗಾರರ ಊರು. ಕಳೆದುಹೋದ ಟಗರನ್ನು ಊರಿಗೆ ಊರೇ ಹುಡುಕುತ್ತದೆ. ಕದ್ದವನೇ ಮುಂದೆ ನಿಂತು ಹುಡುಕಿಸುತ್ತಾನೆ. ಆ ಕಳ್ಳನೇ ಹೀರೋ. ಎದೆಯವರೆಗೂ ಗಡ್ಡ. ‘ಹೌದು’ ಎನ್ನುವಾಗ ಆ ಜನ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾರೆ, ಸುಡುವ ಕಾಫಿ ಸೊರ್ ಎಂದು ಹೀರಿದ ಹಾಗೆ: ‘ಯೌ!’ ನನ್ನಂಥ ಮಿಮಿಕ್ರಿಯವನಿಗೆ ಇನ್ನೇನು ಬೇಕು? ಇಂಟರ್‌ವಲ್ಲಿಲ್ಲದ ಆ ಸಿನಿಮಾ ಮುಗಿಯುವಷ್ಟರಲ್ಲಿ ಗಡ್ಡದವನು ನನ್ನ ಗಂಟಲೊಳಗೆ ಕೂತಿದ್ದ.

ಕೊನೆಯ ದೃಶ್ಯ. ಸಮುದ್ರದ ದಡದಲ್ಲಿ ಟಗರನ್ನು ಬಿಟ್ಟುಕೊಟ್ಟು, ಅವನು ತಿರುಗಿ ಏನೋ ಹೇಳುತ್ತಾನೆ. ಗಡ್ಡ ಅಲ್ಲಾಡುತ್ತಿದೆ, ದನಿ ಇಲ್ಲ. ನಾನು ಕೂಗಿದ್ದು ಆಗಲೇ.

ದೀಪ ಹತ್ತಿತು. ಸಿನಿಮಾ ತೋರಿಸಲು ಬಂದಿದ್ದ ನಿರ್ದೇಶಕರು ಎದ್ದು, ಸೌಂಡು ಕೆಟ್ಟಿಲ್ಲ ಎಂದರು. ಆ ದೃಶ್ಯ ತೆಗೆದ ದಿನ ಮೈಕಿಗೆ ಗಾಳಿಯ ಭೋರ್ಗರೆತ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲವಂತೆ. ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡೋಣ ಎಂದುಕೊಂಡರು. ಅಷ್ಟರಲ್ಲಿ ಆ ನಟ ತೀರಿಕೊಂಡ. ಇಲ್ಲಿಯ ಒಬ್ಬ ವಿತರಕ, ಆ ಜಾಗಕ್ಕೆ ಮಾತು ತುಂಬಿಸಿದರೆ ಮಾತ್ರ ಸಿನಿಮಾ ತಗೊಳ್ಳುತ್ತೇನೆ ಎನ್ನುತ್ತಿದ್ದಾನೆ. ಇಲ್ಲವಾದರೆ ರೀಲಿನ ಡಬ್ಬ ಹೊತ್ತುಕೊಂಡು ವಾಪಸ್ಸು.

ಲಾಬಿಯಲ್ಲಿ ಮಾನವಂತ ನಾಗರಾಜನೇ ಕೆಣಕಿದ. ‘ಆ ಗಡ್ಡದೋನ್ನ ಮಾಡಿ ತೋರ್ಸೋ. ಅವ್ರಿಗೆ ಬೇಕಾಗಿರೋದು ಅದೇ ತಾನೆ?’

ಮಾಡಿದೆ. ಆ ಕೆಮ್ಮು, ಆ ನಗು, ಆ ‘ಯೌ’. ಮಧ್ಯೆ ನಾನೇ ಹೊಸೆದ ಐಸ್‌ಲ್ಯಾಂಡ್ ಭಾಷೆ. ಲಾಬಿಗೆ ಲಾಬಿಯೇ ನಕ್ಕಿತು. ನಿರ್ದೇಶಕರು ನನ್ನ ತೋಳು ಹಿಡಿದುಕೊಂಡರು. ‘ನಾಳೆ ಸ್ಟುಡಿಯೋಗೆ ಬರ್ತೀರಾ? ಒಂದೇ ಸಾಲು. ನಾನು ಕಲಿಸ್ತೀನಿ.’

ಉಬ್ಬಿಹೋದೆ. ಕನ್ನಡ ಕೂಟದ ಅಧ್ಯಕ್ಷರನ್ನು ಅಣಕಿಸಿ ಬೈಸಿಕೊಂಡವನು ಈಗ ಫಾರಿನ್ ಹೀರೋ!

ಅವರ ಹಿಂದೆ ಒಬ್ಬ ಹೆಂಗಸು ನಿಂತಿದ್ದರು, ನಗದೆ. ಸಿಗ್ರೂನ್. ಸಿನಿಮಾದ ಸೌಂಡ್ ರೆಕಾರ್ಡ್ ಮಾಡಿದವರು. ಆ ನಟನ ಹೆಂಡತಿ.

‘ಇನ್ನೊಂದು ಸಲ ಮಾಡಿ,’ ಎಂದರು. ಮಾಡಿದೆ. ಕಣ್ಣು ಮುಚ್ಚಿ ಕೇಳಿದರು.

‘ಅವರದೇ ದನಿ. ಆದರೆ ಏನಂತ ಹೇಳ್ತೀರಿ?’

‘ಸ್ಕ್ರಿಪ್ಟಿನಲ್ಲಿ ಇರೋದನ್ನ,’ ಎಂದರು ನಿರ್ದೇಶಕರು.

‘ಸ್ಕ್ರಿಪ್ಟಿನಲ್ಲಿ ಇದ್ದದ್ದು ಎರಡೇ ಪದ. ಅವರು ಅಷ್ಟು ಹೊತ್ತು ಮಾತಾಡಿದರು. ಅದೂ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ ನನ್ನನ್ನ ನೋಡಿಕೊಂಡು. ನನಗೆ ಗಾಳಿ ಮಾತ್ರ ಕೇಳಿಸಿತು. ಸಂಜೆ ಕೇಳಿದ್ದಕ್ಕೆ, ಸ್ಟುಡಿಯೋದಲ್ಲಿ ಕೇಳಿಸ್ತೀನಿ ಇರು ಅಂತ ನಕ್ಕರು.’

 

ನಿರ್ದೇಶಕರು ನನ್ನ ತೋಳು ಬಿಟ್ಟರು. ಬಾಗಿಲ ಬಳಿ ಕಾಯುತ್ತಿದ್ದ ವಿತರಕನ ಹತ್ತಿರ ಹೋಗಿ ಆಗುವುದಿಲ್ಲ ಎಂದು ತಲೆಯಾಡಿಸಿದರು. ಆತ ಕೋಟು ಹಾಕಿಕೊಂಡು ಹೊರಟೇಹೋದ.

ಫ್ರೀವೇಯಲ್ಲಿ ನಾಗರಾಜನ ಗೊಣಗಾಟ. ‘ಒಂದೇ ಸಾಲು ಕಣೋ. ಹೇಳಿದ್ರೆ ಯಾರಿಗ್ ಗೊತ್ತಾಗ್ತಿತ್ತು?’

ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಆಕೆ ಇನ್ನೂ ಕಿವಿಗೊಟ್ಟು ಕಾಯುತ್ತಿರುವಾಗ ಮಧ್ಯೆ ಬಾಯಿ ಹಾಕಲು ನಾನು ಯಾರು?