ನನ್ನ ಹೆಸರಲ್ಲೊಂದು ಸಾಲ

ತಿಪಟೂರಿನಲ್ಲಿ ನಾವು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಮಾರಲು ಹೊರಟದ್ದು ಎರಡು ಸಾವಿರದ ಒಂಬತ್ತರ ಸುಮಾರಿಗೆ. "ಮೊದ್ಲು ನಿಮ್ಮನ್ನೇ ಕೇಳ್ತಿದೀನಿ ಕಣಮ್ಮ. ಮೂರು ತಿಂಗಳು ಕಾಯ್ತೀನಿ" ಎಂದರು ಆ ಹಿರಿಯರು. ನಾನು ಹೊನ್ನವಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಯಜಮಾನರದು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಸಣ್ಣ ಅಂಗಡಿ. ತಿಂಗಳ ಸಂಬಳ ಬರುತ್ತಿದ್ದುದು ನನಗೆ. ಹಾಗಾಗಿ ಮನೆ ಸಾಲಕ್ಕೆ ನನ್ನ ಹೆಸರಿನಲ್ಲೇ ಅರ್ಜಿ ಹಾಕಿದೆವು.

ಹತ್ತು ದಿನ ಕಳೆದು ಬ್ಯಾಂಕಿನ ಅಧಿಕಾರಿ ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು: "ಮೇಡಂ, ನಿಮ್ಮ ಹೆಸರಲ್ಲಿ ಒಂದು ಬೈಕ್ ಸಾಲ ಇದೆ. ಕಂತು ಕಟ್ಟದೆ ಬಹಳ ತಿಂಗಳಾಗಿದೆ."

"ನಾನು ಯಾವ ಬೈಕೂ ತಗೊಂಡಿಲ್ಲ ಸಾರ್."

"ವರದಿಯಲ್ಲಿ ಹಂಗಿದೆ. ಯಾರು ಎಲ್ಲಿ ಸಾಲ ತಗೊಂಡ್ರು, ಹೆಂಗೆ ತೀರಿಸಿದ್ರು ಅನ್ನೋದನ್ನೆಲ್ಲ ಈಗ ಮುಂಬಯಿಯ ಒಂದು ಸಂಸ್ಥೆಯವರು ಒಂದ್ಕಡೆ ಸೇರ್ಸಿಡ್ತಾರೆ. ಇದು ಹಿಂಗೇ ಇದ್ರೆ ನಾನು ಏನೂ ಮಾಡಕ್ಕಾಗಲ್ಲ."

ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳತೊಡಗಿತು. ಹಿಂದಿನ ವರ್ಷ ಯಜಮಾನರು ಬೈಕು ತಂದಿದ್ದರು. ಊರಿನ ತೋಟದ ಕೊಬ್ಬರಿ ಮಾರಿದ ದುಡ್ಡು ಎಂದಿದ್ದರು. ಅದೇ ಸುಮಾರಿಗೆ ನನ್ನ ಪ್ಯಾನ್ ಕಾರ್ಡಿನ ಜೆರಾಕ್ಸನ್ನೂ ಕೇಳಿ ಇಸಿದುಕೊಂಡಿದ್ದರು. ನಾನು ಅವರನ್ನು ಏನೂ ಕೇಳಲಿಲ್ಲ. ಕೇಳಿ, ಅವರು ಹೌದು ಎಂದುಬಿಟ್ಟರೆ ಮುಂದೇನು ಎನ್ನುವ ಭಯ. ಒಂದು ವಾರ ಬಡಿಸಿದೆ, ಎತ್ತಿಟ್ಟೆ, ಶಾಲೆಗೆ ಹೋದೆ. ಬೇಕಾದಷ್ಟೇ ಮಾತು.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅವರೇ ಕೇಳಿದರು: "ಏನೇ, ಯಾಕಿಂಗಿದೀಯ?"

"ಹೋದ ವರ್ಷ ನನ್ನ ಪ್ಯಾನ್ ಕಾರ್ಡಿನ ಜೆರಾಕ್ಸ್ ಇಸ್ಕೊಂಡ್ರಲ್ಲ, ಯಾತಕ್ಕೆ?"

"ನಿನ್ನ ಫೋನಿಗೆ ಸಿಮ್ ತರಕ್ಕೆ ಕಣೇ. ಮರ್ತ್‌ಬುಟ್ಯಾ?"

"ಆ ಬೈಕು?"

ಆಗ ಅವರಿಗೆ ನಾನು ಏನು ಕೇಳುತ್ತಿದ್ದೇನೆಂದು ಅರ್ಥವಾಯಿತು. ಬ್ಯಾಂಕಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ರೇಗಲಿಲ್ಲ. ಲೋಟ ಕೆಳಗಿಟ್ಟು, "ಆ ವರದಿನ ನಾವು ನೋಡ್ಬೋದಾ? ನೋಡ್ಬೋದು ಅಂದ್ರೆ ತರ್ಸು. ಅಲ್ಲೀಗಂಟ ನಾನೇನು ಹೇಳಿದ್ರೂ ನಿಂಗೆ ನಂಬಿಕೆ ಬರಲ್ಲ" ಎಂದರು.

ಮಾರನೆಯ ದಿನ ಅಂಗಡಿ ಬಾಗಿಲು ತೆರೆಯದೆ, ಬ್ಯಾಂಕಿನಲ್ಲಿ ವಿಚಾರಿಸಿ, ಸಾಲಿನಲ್ಲಿ ನಿಂತು ವರದಿಯ ಶುಲ್ಕಕ್ಕೆ ಡಿ.ಡಿ. ತೆಗೆಸಿದವರೂ ಅವರೇ. ನನ್ನ ಸಹಿ ಹಾಕಿದ ಅರ್ಜಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮುಂಬಯಿಗೆ ಹೋಯಿತು. ಮೂರು ವಾರ ಕಾದೆವು. ಆ ಮೂರು ವಾರ ಬೈಕು ಮನೆಯ ಮುಂದೆ ನಿಂತೇ ಇತ್ತು. ಅವರು ಅಂಗಡಿಗೆ ನಡೆದುಕೊಂಡೇ ಹೋಗುತ್ತಿದ್ದರು.

ಲಕೋಟೆ ಶಾಲೆಯ ವಿಳಾಸಕ್ಕೆ ಬಂತು. ಬಿಡಿಸಿ ನೋಡಿದರೆ ಬರೀ ಚೌಕಗಳು, ಅಂಕಿಗಳು. ಅರ್ಧ ದಿನ ರಜೆ ಹಾಕಿ ಅವರನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದೆ. ಅಧಿಕಾರಿ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತ ಹೋದರು. ಮೊದಲನೆಯದು ಟಿ.ವಿ. ಕೊಳ್ಳಲು ನಾನು ಮಾಡಿದ್ದ ಸಾಲ. ಅದರ ಮುಂದೆ ಸಾಲುಸಾಲು ಸೊನ್ನೆ.

"ಮಕ್ಕಳಿಗೆ ನೀವು ಕೊಡೋ ಸೊನ್ನೆ ಅಲ್ಲ ಇದು. ಒಂದು ಕಂತೂ ಒಂದು ದಿನಾನೂ ತಡ ಆಗಿಲ್ಲ ಅಂತ ಅರ್ಥ."

ಆ ಕಂತುಗಳನ್ನು ಪ್ರತಿ ತಿಂಗಳೂ ಹೋಗಿ ಕಟ್ಟಿಬರುತ್ತಿದ್ದವರು ಯಜಮಾನರು. ನಾನು ಅವರ ಕಡೆ ನೋಡಲಿಲ್ಲ.

ಎರಡನೆಯದು ಬೈಕಿನ ಸಾಲ. ಅದರಲ್ಲಿ ಮೂವತ್ತು, ಅರವತ್ತು, ತೊಂಬತ್ತು ಎಂದು ತಡವಾದ ದಿನಗಳು ಏರುತ್ತ ಹೋಗಿದ್ದವು. ಪೆನ್ಸಿಲ್ ಮೇಲಕ್ಕೆ ಹೋಗಿ ವಿಳಾಸದ ಹತ್ತಿರ ನಿಂತಿತು. ನಾವು ಕಂಡೇ ಇರದ ಊರು. ಹುಟ್ಟಿದ ದಿನಾಂಕ ನೋಡಿದರೆ ಆ ಸಾಲ ಮಾಡಿದಾಕೆ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಆ ಸಾಲಕ್ಕೆ ಪ್ಯಾನ್ ನಂಬರೇ ಇರಲಿಲ್ಲ.

"ಹೆಸರು, ಇನಿಷಿಯಲ್ ಎರಡೂ ಒಂದೇ. ಮನುಷ್ಯರು ಬೇರೆ" ಎಂದರು ಅಧಿಕಾರಿ. "ಮೊದ್ಲೇ ನಾನೂ ಸರಿಯಾಗಿ ನೋಡ್ಬೇಕಿತ್ತು."

ನನಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮನೆ ಸಿಗುತ್ತದೆಂದಲ್ಲ; ಮನೆಯ ನೆನಪು ಆ ಗಳಿಗೆಯಲ್ಲಿ ಬರಲೇ ಇಲ್ಲ.

ಹೊರಗೆ ಬಂದು, "ತಪ್ಪಾಯ್ತು ಕಣ್ರೀ" ಎಂದೆ.

"ನಿನ್ನ ಜಾಗದಲ್ಲಿ ನಾನಿದ್ರೂ ಅಂಗೇ ಅನ್ಕೋತಿದ್ದೆ. ಆದ್ರೆ ಮೊದಲನೇ ದಿನಾನೇ ಕೇಳ್ಬೇಕಿತ್ತು ನೀನು. ಒಂದು ವಾರ ಉಪ್ಪಿಲ್ಲದ ಸಾರು ಉಂಡೀನಿ."

ಉಪ್ಪು ಮರೆತದ್ದು ನನಗೆ ಗೊತ್ತೇ ಆಗಿರಲಿಲ್ಲ.

ಆ ಬೈಕಿನ ಸಾಲ ಕೊಟ್ಟಿದ್ದ ಫೈನಾನ್ಸಿನವರಿಗೊಂದು, ಮುಂಬಯಿಗೊಂದು ಪತ್ರವನ್ನು ಅಧಿಕಾರಿಯೇ ಮುಂದೆ ಕೂತು ಬರೆಸಿದರು. ತಿದ್ದಿದ ವರದಿ ಕೈಸೇರುವಷ್ಟರಲ್ಲಿ ಮಾಲೀಕರು ಕೊಟ್ಟ ಗಡುವು ಮೀರಿತ್ತು. ಹೆದರುತ್ತಲೇ ಅವರ ಮನೆಗೆ ಹೋದರೆ, "ಒಂದು ವಾರ ಹೆಚ್ಚಾದ್ರೆ ಮನೆ ಎದ್ದೋಯ್ತದೇನಮ್ಮ" ಎಂದು ಎಳನೀರು ಕೆತ್ತಿ ಕೊಟ್ಟರು.

ಸಾಲ ಮಂಜೂರಾಗಿ, ಮನೆಯ ನೋಂದಣಿ ಮುಗಿಸಿ ಬಂದ ದಿನ ಊಟ ಮಾಡಿ, ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಇಬ್ಬರೂ ಸಂಜೆಯ ತನಕ ನಿದ್ದೆ ಮಾಡಿದೆವು.