ಅಮ್ಮ ಕೌನ್ಸಿಲ್‌ಗೆ ನಿಂತ ವರ್ಷ

ಆ ದಿನಗಳಲ್ಲಿ ನಮ್ಮ ಸಬ್‌ಡಿವಿಜನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ರಸ್ತೆಯ ಮೇಲೆ ನಡೆಯುವವರು ಎಂದರೆ ನಾಯಿ ಸಾಕಿದವರು ಮತ್ತು ನಮ್ಮ ಅಮ್ಮಂದಿರು, ಇಷ್ಟೇ ಜನ. ಎಪ್ಪತ್ತರ ದಶಕದ ನಡುಭಾಗ. ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ, ಲಿವೋನಿಯಾ ದಾಟಿದರೆ ಸಿಗುವ ಒಂದು ಸಣ್ಣ ಊರು. ಹೆಸರು ಬೇಡ, ನಮ್ಮವರು ಅಲ್ಲಿ ಇನ್ನೂ ಇದ್ದಾರೆ. ಬೆಳಿಗ್ಗೆ ಏಳಕ್ಕೆಲ್ಲ ಅಪ್ಪಂದಿರು ಮನೆಗೊಂದೇ ಇದ್ದ ಕಾರು ತೆಗೆದುಕೊಂಡು ಕಾರ್ಖಾನೆಗೋ ಆಸ್ಪತ್ರೆಗೋ ಹೊರಟುಬಿಡುತ್ತಿದ್ದರು. ಡ್ರೈವಿಂಗ್ ಬಾರದ ಅಮ್ಮಂದಿರು ಹಾಲಿಗೆ, ಪೋಸ್ಟಿಗೆ, ಲೈಬ್ರರಿಗೆ ಎಲ್ಲಕ್ಕೂ ನಡೆದೇ ಹೋಗಬೇಕು. ಸೀರೆಯ ಮೇಲೆ ಗಂಡನ ಹಳೇ ಓವರ್‌ಕೋಟು, ಕಾಲಿಗೆ ರಬ್ಬರ್ ಬೂಟು. ನಡೆಯಲು ಜಾಗ ಎಲ್ಲಿತ್ತು? ಊರಿನ ದೊಡ್ಡ ರಸ್ತೆಗೆ ಫುಟ್‌ಪಾತೇ ಇರಲಿಲ್ಲ. ಈ ಕಡೆ ಚರಂಡಿ, ಆ ಕಡೆ ನಲವತ್ತೈದು ಮೈಲಿ ವೇಗದಲ್ಲಿ ಬರುವ ಲಾರಿಗಳು. ಇದನ್ನು ಬರೆಯುವಾಗಲೂ ನನಗೆ ರೇಗುತ್ತದೆ. ಯಾರ ಮೇಲೆ ರೇಗಬೇಕು ಎನ್ನುವುದು ಮಾತ್ರ ಇಷ್ಟು ವರ್ಷಗಳಲ್ಲಿ ಬದಲಾಗುತ್ತಲೇ ಬಂದಿದೆ.

ನನಗೆ ಹತ್ತು ವರ್ಷವಾಗಿದ್ದಾಗ, ಹಿಮ ಕರಗುವ ಕಾಲದಲ್ಲಿ, ಹಿಂದಿನ ಬೀದಿಯ ಶಾಂತಾ ಆಂಟಿ ಕೂಸನ್ನು ಸ್ಟ್ರೋಲರ್ ಎಂಬ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಮ್ಮನ ಜೊತೆ ಲೈಬ್ರರಿಗೆ ಹೊರಟಿದ್ದರು. ಪಕ್ಕದಲ್ಲೇ ಹಾದು ಹೋದ ಲಾರಿಯ ಕನ್ನಡಿ ಸ್ಟ್ರೋಲರಿಗೆ ತಗುಲಿ ಅದು ಕೂಸಿನ ಸಮೇತ ಚರಂಡಿಗೆ ಉರುಳಿತು. ಕೂಸಿಗೆ ಹಣೆಯ ಮೇಲೊಂದು ಬುಗುಟು ಬಂದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಲಾರಿಯವನು ನಿಲ್ಲಿಸಲೂ ಇಲ್ಲ.

ಅಮ್ಮ ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ತಪ್ಪು ಕಂಡರೆ ಬಿಡುವ ಜಾತಿಯಲ್ಲ. ಮುಂದಿನ ತಿಂಗಳು ಊರಿನ ಆಡಳಿತ ನಡೆಸುವ ಕೌನ್ಸಿಲ್‌ನ ಮೀಟಿಂಗಿಗೆ ಹೋಗಿ, ಅವರು ಕೊಟ್ಟ ಮೂರು ನಿಮಿಷದಲ್ಲಿ ಫುಟ್‌ಪಾತ್ ಬೇಕು ಎಂದು ಹೇಳಿ ಬಂದಳು. ಥ್ಯಾಂಕ್ಯೂ ಅಂದರು. ಅದರ ಮುಂದಿನ ತಿಂಗಳೂ ಹೋದಳು. ಆಗಲೂ ಥ್ಯಾಂಕ್ಯೂ. ಮೂರನೇ ಸಲ ಒಬ್ಬ ಮೆಂಬರು, ಈ ಊರಿನಲ್ಲಿ ಜನ ನಡೆಯುವುದಿಲ್ಲವಲ್ಲ ಮೇಡಂ, ಎಂದನಂತೆ.

"ಜನ ನಡೆಯೋದಿಲ್ಲವಂತೆ ಕಣ್ರೀ," ಅಮ್ಮ ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಅಪ್ಪನಿಗೆ ಹೇಳಿದಳು. "ಹಾಗಾದ್ರೆ ನಾವೇನು?"

"ಹೋಗ್ಲಿ ಬಿಡೇ ಲಲಿತಾ. ನೀನೇ ಕೌನ್ಸಿಲ್‌ಗೆ ನಿಂತ್ಕೊ," ಎಂದು ಅಪ್ಪ ನಕ್ಕರು. ಅಪ್ಪ ತಮಾಷೆಗೆ ಅಂದಿದ್ದು. ಅಮ್ಮ ಮಾರನೇ ವಾರವೇ ಫಾರಂ ತಂದಳು.

ಆ ಬೇಸಿಗೆ ನಮ್ಮ ಬೇಸ್‌ಮೆಂಟಿನಲ್ಲಿ ಹಬ್ಬವೇ ಹಬ್ಬ. ಸ್ಕೂಲಿನ ಮೆಷಿನ್ನಿನಲ್ಲಿ ಒತ್ತಿಸಿ ತಂದ ನೋಟೀಸುಗಳ ನೇರಳೆ ಶಾಯಿಯ ವಾಸನೆ ಕೈಗೆ ಅಂಟಿದರೆ ಎರಡು ದಿನ ಹೋಗುತ್ತಿರಲಿಲ್ಲ. ಆಂಟಿಯರು ಡಬ್ಬದ ರೈಸ್ ಸೀರಿಯಲ್ಲಿಗೆ ಸಾಸಿವೆ, ಒಣಮೆಣಸಿನಕಾಯಿ, ಕಡಲೆಬೀಜದ ಒಗ್ಗರಣೆ ಹಾಕಿ ಮಂಡಕ್ಕಿ ಅಂತ ಬಡಿಸುತ್ತಿದ್ದರು. ನಾವು ಮಕ್ಕಳು ನೋಟೀಸನ್ನು ಮನೆಮನೆಯ ಬಾಗಿಲಿಗೆ ಸಿಕ್ಕಿಸಿ ಬಂದು, ಫ್ರಿಜ್ಜು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಳೇ ಸೀರೆಯನ್ನು ಪರದೆಯ ಹಾಗೆ ಇಳಿಬಿಟ್ಟು ಓಟಿನ ಆಟ ಆಡುತ್ತಿದ್ದೆವು. ಆ ಆಟದಲ್ಲಿ ನಮ್ಮಮ್ಮ ಒಂದು ಸಲವೂ ಸೋಲಲಿಲ್ಲ.

ನಾಲ್ಕು ಸೀಟು, ಹೆಚ್ಚು ಓಟು ಬಂದ ಮೊದಲ ನಾಲ್ವರಿಗೆ. ಒಟ್ಟು ಏಳು ಜನ ನಿಂತಿದ್ದರು. ಅವರಲ್ಲೊಬ್ಬರು ನಮ್ಮ ಎದುರು ಮನೆಯ ಮಿಸ್ಟರ್ ನೋವಾಕ್. ಅವರು ಫುಟ್‌ಪಾತಿಗೆ ವಿರುದ್ಧ. ಮನೆಯವರ ಲಾನ್ ಹೋಗುತ್ತದೆ, ಫುಟ್‌ಪಾತಿನ ಮೇಲಿನ ಹಿಮವನ್ನು ಮನೆಯವರೇ ತೆಗೆಯಬೇಕಾಗುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಆದರೆ ಮನುಷ್ಯ ಬಲು ಒಳ್ಳೆಯವರು. ಚಳಿಗಾಲದಲ್ಲಿ ನಮ್ಮ ಕಾರು ಮೊಂಡು ಬಿದ್ದಾಗಲೆಲ್ಲ ತಮ್ಮ ಕಾರಿನ ಬ್ಯಾಟರಿಗೆ ತಂತಿ ಸಿಕ್ಕಿಸಿ ಸ್ಟಾರ್ಟ್ ಮಾಡಿಕೊಡುತ್ತಿದ್ದವರು ಅವರೇ. ಸ್ಕೂಲಿನ ಹಾಲ್‌ನಲ್ಲಿ ನಮ್ಮ ಗಣೇಶನ ಹಬ್ಬವಾದಾಗ ಅಮ್ಮ ಅವರನ್ನೂ ಕರೆದಿದ್ದಳು. ಎದುರು ಮನೆಯವರನ್ನು ಬಿಟ್ಟು ಹೇಗೆ ಮಾಡುವುದು ಎಂದು ಅವಳ ವಾದ. ಅವರು ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಬೆವರು ಒರೆಸಿಕೊಂಡು, ಎಲ್ಲರ ಕೈಕುಲುಕಿ ಹೆಸರು ಕೇಳಿ ಹೋದರು. ಅಮ್ಮನನ್ನು ಬಿಟ್ಟರೆ ನಮ್ಮವರಿಗೆ ಮುಖ ನೋಡಿ ಗೊತ್ತಿದ್ದ ಅಭ್ಯರ್ಥಿ ಅವರೊಬ್ಬರೇ.

ಓಟಿನ ದಿನ ಮಂಗಳವಾರ. ಅಪ್ಪ ಕೆಲಸದಿಂದ ಬೇಗ ಬಂದು ನನ್ನನ್ನೂ ಕರೆದುಕೊಂಡು ಸ್ಕೂಲಿನ ಜಿಮ್ಮಿಗೆ ಹೋದರು. ನೆಲಕ್ಕೆ ಹಚ್ಚಿದ ಮೇಣದ ವಾಸನೆ, ಒದ್ದೆ ಬೂಟುಗಳ ವಾಸನೆ. ಓಟಿನ ಮೆಷಿನ್ನು ಬೀರುವಿನಷ್ಟು ದೊಡ್ಡದು. ದೊಡ್ಡ ಹಿಡಿ ಎಳೆದರೆ ಹಿಂದೆ ಪರದೆ ಮುಚ್ಚಿಕೊಳ್ಳುತ್ತಿತ್ತು. ಎದುರಿಗೆ ಹೆಸರುಗಳು, ಒಂದೊಂದು ಹೆಸರಿನ ಮೇಲೂ ಒಂದೊಂದು ಪುಟ್ಟ ಹಿಡಿ. ಅಪ್ಪ ಮೊದಲು ಅಮ್ಮನ ಹೆಸರಿನ ಹಿಡಿಯನ್ನು ಕೆಳಗೆಳೆದರು. ಆಮೇಲೆ ಮೇಲೆ ಬರೆದಿದ್ದನ್ನು ಬೆರಳಿಟ್ಟು ಓದಿದರು. ನಾಲ್ಕು ಜನರವರೆಗೆ ಆರಿಸಬಹುದು.

"ಇನ್ನೂ ಮೂರಿದೆ," ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ಎರಡು ಎಳೆದರು. ಯಾರು ಏನು ಎಂದು ಅವರಿಗೂ ಗೊತ್ತಿರಲಿಲ್ಲ. "ನಾಲ್ಕನೇದು ನೀನು ಎಳಿ ಪುಟ್ಟಿ. ಯಾರು ಬೇಕು ನೋಡು."

ನನಗೆ ಖುಷಿಯೋ ಖುಷಿ. ಹೆಸರುಗಳ ಮೇಲೆ ಕಣ್ಣಾಡಿಸಿದೆ. "ಮಿಸ್ಟರ್ ನೋವಾಕ್. ಐ ನೋ ಹಿಮ್."

"ಹೂಂ, ಪಾಪ, ಒಳ್ಳೇ ಮನುಷ್ಯ. ಎಳಿ."

ಎಳೆದೆ. ಟಕ್ ಎಂದು ಶಬ್ದವಾಯಿತು. ಹೊರಗೆ ಬಂದಮೇಲೆ ಅಪ್ಪ ತೃಪ್ತಿಯಿಂದ, "ಒಂದೂ ವೇಸ್ಟ್ ಆಗಲಿಲ್ಲ ನೋಡು," ಎಂದರು.

ಮಾರನೇ ದಿನ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವ ಮುಂಚೆ ಅಮ್ಮ ಸಿಟಿ ಆಫೀಸಿಗೆ ಫೋನ್ ಮಾಡಿದಳು. ಒಲೆಯ ಮೇಲೆ ಉಪ್ಪಿಟ್ಟು. ನೋಟೀಸಿನ ಹಿಂದೆ ಒಂದೊಂದೇ ಹೆಸರು, ಅದರ ಮುಂದೆ ಸಂಖ್ಯೆ ಬರೆದುಕೊಂಡಳು. ನಾಲ್ಕನೆಯ ಸಾಲಿನಲ್ಲಿ ನೋವಾಕ್. ಐದನೆಯದರಲ್ಲಿ ಅವಳು. ಫೋನ್ ಇಟ್ಟು, ಒಂದರ ಕೆಳಗೊಂದು ಬರೆದು, ಅಡಿಯಲ್ಲಿ ಗೆರೆ ಎಳೆದು ಕಳೆದಳು.

"ಒಂಬತ್ತು," ಎಂದಳು. ಅಷ್ಟೇ. ಉಪ್ಪಿಟ್ಟು ತಳ ಹಿಡಿದಿತ್ತು, ಅದನ್ನೇ ಹಾಕಿ ಕೊಟ್ಟಳು.

ಸಂಜೆಯ ಹೊತ್ತಿಗೆ ಎಲ್ಲರೂ ಡಬ್ಬಿಗಳಲ್ಲಿ ಏನಾದರೊಂದು ಮಾಡಿಕೊಂಡು ಬಂದರು, ಸಾವಿನ ಮನೆಗೆ ಬರುವ ಹಾಗೆ. ಶಾಂತಾ ಆಂಟಿ ಧಾರವಾಡದ ಕಡೆಯವರು. ಅಮ್ಮನ ಕೈ ಹಿಡಿದುಕೊಂಡು ಅತ್ತರು.

"ಅಕ್ಕಾರ, ನಾ ಮೊದಲು ನಿಮಗ ಹಾಕೇನಿ. ದೇವರಾಣಿ. ನಿಮಗ ಹಾಕಿದ ಮ್ಯಾಲೇನ ಉಳಿದ ಮೂರು ಹಾಕೇನಿ."

ಅಮ್ಮ ಕೈ ಬಿಡಿಸಿಕೊಂಡಳು. "ಉಳಿದ ಮೂರೂ ಹಾಕಿದ್ರಾ?"

"ಹೂಂ ರೀ. ಕೊಟ್ಟಿದ್ದು ಖಾಲಿ ಬಿಟ್ಟು ಬಂದ್ರ ಚಲೋ ಕಾಣಂಗಿಲ್ಲಲ್ಲ."

"ಅದ್ರಲ್ಲಿ ನೋವಾಕ್ ಇದ್ರಾ?"

"ಇದ್ರು ರೀ. ನಮ್ಮ ಊಟಕ್ಕ ಬಂದಿದ್ರಲ್ಲ."

ಅಮ್ಮ ಒಬ್ಬೊಬ್ಬರ ಮುಖ ನೋಡುತ್ತಾ ಹೋದಳು. ಒಬ್ಬೊಬ್ಬರೂ ತಾವೇ ಒಪ್ಪಿಕೊಂಡರು. ನಾನೂ ಹಾಕಿದೆ ಲಲಿತಾ. ನಮ್ಮನೆಯವರೂ ಹಾಕಿದರು. ಅಮ್ಮನ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯಿತು. ಹತ್ತಕ್ಕೆ ನಿಂತಿತು. ಆಗ ಅಪ್ಪ ನೆಲ ನೋಡುತ್ತಾ, "ನಾನೂ," ಎಂದರು. ನನ್ನ ಹೆಸರು ಎತ್ತಲಿಲ್ಲ.

ಹನ್ನೊಂದು. ನಮ್ಮ ಜನರಲ್ಲಿ ಸಿಟಿಜನ್ ಆಗಿದ್ದವರೇ ಹದಿನಾಲ್ಕು. ಅವರಲ್ಲಿ ಹನ್ನೊಂದು ಜನ ನೋವಾಕ್‌ಗೂ ಓಟು ಹಾಕಿ ನಮ್ಮಮ್ಮನನ್ನು ಒಂಬತ್ತು ಓಟಿನಿಂದ ಸೋಲಿಸಿದ್ದರು, ಅದೂ ಮರ್ಯಾದೆಗಾಗಿ.

"ನಾಲ್ಕು ಕೊಟ್ಟಿದ್ರು ಕಣೇ," ಅಪ್ಪ ತಡವರಿಸಿದರು. "ಎಲೇಲಿ ಬಿಟ್ಟು ಏಳಬಾರದು ಅಂತ ನಮ್ಮ ಮನೇಲಿ..."

"ಊಟದ ಎಲೆ ಅಲ್ಲ ರೀ ಅದು," ಎಂದಳು ಅಮ್ಮ. ದನಿ ಏರಿಸಲಿಲ್ಲ. ಎದ್ದು ಎಲ್ಲರಿಗೂ ಕಾಫಿ ಮಾಡಿದಳು.

ಹತ್ತು ವರ್ಷದ ನನಗೂ ಕಳೆಯುವ ಲೆಕ್ಕ ಬರುತ್ತಿತ್ತು. ಬೇಸ್‌ಮೆಂಟಿಗೆ ಹೋಗಿ ರಟ್ಟಿನ ಪೆಟ್ಟಿಗೆಯನ್ನು ಒದ್ದು ಒದ್ದು ಚಪ್ಪಟೆ ಮಾಡಿದೆ. ಯಾರಿಗೂ ಏನೂ ಹೇಳಲಿಲ್ಲ.

ಜನವರಿಯಲ್ಲಿ ಫುಟ್‌ಪಾತಿನ ವಿಷಯ ಕೌನ್ಸಿಲ್ ಮುಂದೆ ಬಂದು ಒಂದೇ ಓಟಿನಿಂದ ಬಿದ್ದುಹೋಯಿತು. ಆ ಒಂದು ಓಟು ಮಿಸ್ಟರ್ ನೋವಾಕ್ ಅವರದು. ಅದೇ ವಾರ ಶೂನ್ಯಕ್ಕಿಂತ ಕೆಳಗಿಳಿದ ಚಳಿಯಲ್ಲಿ ನಮ್ಮ ಕಾರು ಹೊರಡಲಿಲ್ಲ. ಅವರು ಕರೆಯುವ ಮೊದಲೇ ತಂತಿ ಹಿಡಿದುಕೊಂಡು ಬಂದರು. ಅಮ್ಮ ಅವರಿಗೆ ಬಿಸಿ ಕಾಫಿ ಕೊಟ್ಟು ಥ್ಯಾಂಕ್ಸ್ ಹೇಳಿದಳು. ನನಗೆ ಆ ಲೋಟ ಕಿತ್ತುಕೊಂಡು ಹಿಮಕ್ಕೆ ಚೆಲ್ಲಬೇಕು ಎನಿಸಿತ್ತು. ಜಗಳ ಆಡಲಿಕ್ಕಾದರೂ ಕೆಟ್ಟವರು ಸಿಗಬೇಡವೇ?

ಅಮ್ಮ ಮತ್ತೆ ಯಾವುದಕ್ಕೂ ನಿಲ್ಲಲಿಲ್ಲ. ವಸಂತದಲ್ಲಿ ಡ್ರೈವಿಂಗ್ ಕಲಿತಳು. ಶಾಂತಾ ಆಂಟಿಯೂ ಕಲಿತರು. ವರ್ಷ ಎರಡು ವರ್ಷದಲ್ಲಿ ಮನೆಗೆರಡು ಕಾರಾದವು, ಕೋಟಿನ ಕೆಳಗೆ ಸೀರೆಯ ನೆರಿಗೆ ಹಿಡಿದುಕೊಂಡು ಸಾಲಾಗಿ ಮಾತಾಡುತ್ತಾ ಹೋಗುತ್ತಿದ್ದ ಆ ಗುಂಪು ಕರಗಿತು. ಆಮೇಲೆ ಆಂಟಿಯರು ಒಬ್ಬರಿಗೊಬ್ಬರು ಸಿಗ್ನಲ್‌ನಲ್ಲಿ ಗಾಜಿನಾಚೆಯಿಂದ ಕೈ ಬೀಸಿದರೆ ಅದೇ ಭೇಟಿ. ಈಗ ಆ ರಸ್ತೆಯ ಎರಡೂ ಬದಿಗೆ ಸೊಗಸಾದ ಫುಟ್‌ಪಾತ್ ಇದೆ, ದೀಪಗಳಿವೆ. ನಾನು ಹೋದಾಗಲೆಲ್ಲ ನೋಡುತ್ತೇನೆ, ಅಲ್ಲಿ ಒಬ್ಬರೂ ಇರುವುದಿಲ್ಲ.

ಹೋದ ವರ್ಷ, ಅಪ್ಪ ತೀರಿಕೊಂಡ ಮೇಲೆ, ನೇಪರ್‌ವಿಲ್‌ನ ನನ್ನ ಮನೆಯಲ್ಲಿ ಅಮ್ಮನಿಗೆ ತಲೆ ಬಾಚುತ್ತಾ ಕೊನೆಗೂ ಹೇಳಿಬಿಟ್ಟೆ. ಅಪ್ಪನ ನಾಲ್ಕನೇ ಓಟು ಎಳೆದವಳು ನಾನು ಎಂದು.

"ಗೊತ್ತು ಕಣೇ. ಅವತ್ತು ರಾತ್ರೀನೇ ನಿಮ್ಮಪ್ಪ ಹೇಳಿದ್ರು."

"ನಿನಗೆ ಕೋಪ ಬರಲಿಲ್ವಾ? ಲೆಕ್ಕದ ಮೇಷ್ಟ್ರು ನೀನು. ನನಗೊಬ್ಬಳಿಗೇ ಹಾಕಿ, ಉಳಿದಿದ್ದು ಖಾಲಿ ಬಿಡಿ ಅಂತ ಎಲ್ಲರಿಗೂ ಮೊದಲೇ ಯಾಕೆ ಹೇಳಲಿಲ್ಲ?"

"ಹಾಗೆ ಬಾಯಿಬಿಟ್ಟು ಕೇಳಕ್ಕಾಗತ್ತಾ?" ಅಮ್ಮ ಸೆರಗಿನ ಮೇಲೆ ಬಿದ್ದಿದ್ದ ಕೂದಲೊಂದನ್ನು ಹೆಕ್ಕಿ ತೆಗೆದಳು. "ನಾನೂ ನಾಲ್ಕೂ ಎಳೆದಿದ್ದೆ ಪುಟ್ಟಿ. ಒಂದೇ ಎಳೀಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಪರದೆ ಒಳಗೆ ನನ್ನ ಹೆಸರೊಂದನ್ನೇ ಎಳೆದು ಬರೋಕೆ ನಾಚಿಕೆ ಆಯ್ತು. ನೋವಾಕ್‌ಗೂ ಹಾಕಿದೆ. ಹನ್ನೆರಡನೇದು ನಂದು."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಸಿಟ್ಟು ನೆತ್ತಿಗೇರಿತ್ತು, ಇಳಿಸಲು ಜಾಗವಿರಲಿಲ್ಲ.

ನಾನು ಈಗ ಓಟು ಹಾಕುವಾಗ ಬೇಕಾದವರೊಬ್ಬರ ಹೆಸರಿಗೆ ಗುರುತು ಹಾಕಿ, ಉಳಿದವನ್ನೆಲ್ಲ ಖಾಲಿ ಬಿಟ್ಟು ಬರುತ್ತೇನೆ. ಅದೇ ಸರಿಯಾದ ಲೆಕ್ಕ. ಎದುರು ಮನೆಯವರು ಯಾರು, ಅವರ ಹೆಸರೇನು ಎನ್ನುವುದೂ ನನಗೆ ಗೊತ್ತಿಲ್ಲ. ಅಮ್ಮನಿಗೆ ಆದ ಆ ನಾಚಿಕೆ ನನಗೆ ಒಂದು ಸಲವೂ ಆಗಿಲ್ಲ.