ಗಂಗಣ್ಣನ ಹದಿನೆಂಟು ಗೆಲುವು

ಮೊನ್ನೆ ಅಂಚೆಯಲ್ಲಿ ಒಂದು ಲಗ್ನಪತ್ರಿಕೆ ಬಂತು. ಅಂಚಿನ ಸುತ್ತ ಹೂಬಳ್ಳಿ. ಯಾರ ಮದುವೆ ಎಂದು ಓದುವ ಮೊದಲೇ ಬಳ್ಳಿ ಮೂಲೆಯಲ್ಲಿ ಸರಿಯಾಗಿ ಕೂಡಿದೆಯೇ ಎಂದು ನೋಡಿದೆ. ಹಳೆಯ ಚಾಳಿ. ಐವತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಕಂಪೋಸಿಟರ್ ಎಂಬ ದೊಡ್ಡ ಹೆಸರೇನೋ ಇತ್ತು. ಕೈ ಮಾತ್ರ ಸದಾ ಕಪ್ಪು.

ನಮ್ಮ ಕಸುಬಿನಲ್ಲಿ ಖಾಲಿ ಜಾಗವೆಂದರೆ ಅವಮಾನ. ಒಂದು ಸಾಲು ಉಳಿದರೆ ಅಲ್ಲಿ ಹೂಬಳ್ಳಿಯ ಮೊಳೆ ತುಂಬಬೇಕು. ಆದರೆ ವೈಶಾಖ ಬಂತೆಂದರೆ ಬಳ್ಳಿಗಳೆಲ್ಲ ಲಗ್ನಪತ್ರಿಕೆಗಳ ಪಾಲು. ಅಂಥದೇ ದಿನಗಳಲ್ಲಿ, ಗುಬ್ಬಿಯಲ್ಲಿ ಡೇರೆ ಹಾಕಿದ್ದ ಬಾಕ್ಸಿಂಗ್ ಕಂಟ್ರಾಕ್ಟರನ ಕರಪತ್ರ ನನ್ನ ಕೈಗೆ ಬಂತು. ಅದರಲ್ಲಿ ಬಾಕ್ಸರ್ ಗಂಗಣ್ಣನ ಹೆಸರಿನ ಕೆಳಗೆ ಒಂದು ಸಾಲು ಖಾಲಿ. ಏನಾದರೂ ಹಾಕಿಕೊಳ್ಳಿ ಎಂದು ಹೇಳಿ ಕಂಟ್ರಾಕ್ಟರ ಹೊರಟುಹೋಗಿದ್ದ.

ಗಂಗಣ್ಣ ಕುಣಿಗಲ್ಲಿನವನು. ಮಿಲಿಟರಿಯಲ್ಲಿದ್ದಾಗ ಹದಿನೆಂಟು ಪಂದ್ಯ ಗೆದ್ದಿದ್ದ. ಊರಿಗೆ ಬಂದ ಮೇಲೆ ಟಿಕೆಟ್ ಇಟ್ಟು ಆಡಿಸುವ ಪಂದ್ಯಕ್ಕೆ ಇಳಿದ; ಅಲ್ಲಿ ನಾಲ್ಕರಲ್ಲಿ ಗೆದ್ದದ್ದು ಒಂದು. ಪ್ರೂಫ್ ನೋಡಲು ಅವನೇ ಪ್ರೆಸ್ಸಿಗೆ ಬಂದ.

"ಖಾಲಿ ಸಾಲಿಗೆ ನಿನ್ ಗೆಲುವಿನ ಲೆಕ್ಕ ಹಾಕ್ತೀನಿ. ಮಿಲಿಟರೀದೂ ಸೇರಿಸ್ಲಾ?" ಎಂದೆ.

"ಸೇರ್ಸು ಮತ್ತೆ. ಅಲ್ಲೂ ನಾನೇ ತಾನೆ ಗುದ್ದಿದ್ದು?"

ಒಳಗಿನಿಂದ ಪ್ರೆಸ್ಸಿನ ಯಜಮಾನರು ಕೂಗಿದರು: "ಅದು ಬೇರೆ, ಇದು ಬೇರೆ ಕಣ್ರೋ! ಅಲ್ಲಿ ದಪ್ಪ ಗ್ಲೌಸು, ಮೂರೇ ರೌಂಡು. ಇಲ್ಲಿ ಬೀಳೋಗಂಟ ಬುಡಲ್ಲ."

ಗಂಗಣ್ಣನ ಮುಖ ಚಿಕ್ಕದಾಯಿತು. "ಹಂಗಾರೆ ಅವೆಲ್ಲ ಸುಮ್ಕೇನಾ ಸ್ವಾಮಿ?" ಎಂದ.

ನನಗೆ ಪಾಪ ಅನ್ನಿಸಿತು. ಯಜಮಾನರು ಊಟಕ್ಕೆ ಹೋದದ್ದೇ ತಡ, 'ಹತ್ತೊಂಬತ್ತು ಪಂದ್ಯಗಳ ವಿಜೇತ' ಎಂದು ದಪ್ಪ ಮೊಳೆಯಲ್ಲಿ ಜೋಡಿಸಿದೆ. ಸಾಲು ಅಳತೆಗೆ ಸರಿಯಾಗಿ ಕೂತಿತು. ಅಷ್ಟು ಚೆನ್ನಾಗಿ ಕೂತದ್ದು ತಪ್ಪಾಗಿರಲಾರದು ಎಂಬುದು ನನ್ನ ಆಗಿನ ತರ್ಕ.

ಕರಪತ್ರ ಚೇಳೂರಿನವರೆಗೂ ಹಂಚಿಹೋಯಿತು. ಹತ್ತೊಂಬತ್ತು ಗೆದ್ದವನಿಗೆ ಮೊದಲು ಗೊತ್ತುಮಾಡಿದ್ದ ಹೆಬ್ಬೂರಿನ ಎದುರಾಳಿ ಸಾಲದೆಂದು ಜನ ಆಡಿಕೊಂಡರು. ಕಂಟ್ರಾಕ್ಟರ ಬೆಂಗಳೂರಿನಿಂದ ಭಾರಿ ಆಳೊಬ್ಬನನ್ನು ಕರೆಸಿದ. ನಾನೂ ಹೋಗಿ ಮುಂದೆಯೇ ಕೂತಿದ್ದೆ. ಮೊದಲ ಮೂರು ರೌಂಡು ಗಂಗಣ್ಣನದೇ ಮೇಲುಗೈ. ಮಿಲಿಟರಿಯಾಗಿದ್ದರೆ ಅಲ್ಲಿಗೆ ಗೆದ್ದಿರುತ್ತಿದ್ದ. ಆರನೆಯದರಲ್ಲಿ ಎಡಗಿವಿಗೆ ಬಿದ್ದ ಏಟಿಗೆ ನೆಲ ಹಿಡಿದ. ಆ ಕಿವಿ ಮತ್ತೆ ಕೇಳಿಸಲಿಲ್ಲ.

ತಿಂಗಳಾದ ಮೇಲೆ ಕುಣಿಗಲ್ಲಿಗೆ ಹೋದೆ. ಜಗಲಿಯಲ್ಲಿ ಅವನ ಎಡಕ್ಕೆ ಕೂತು, ನೆಲ ನೋಡುತ್ತ, "ತಪ್ಪು ನಂದು ಗಂಗಣ್ಣ. ಆ ಸಾಲು ಹಾಕ್ಬಾರ್ದಿತ್ತು" ಎಂದೆ. ಅವನು ರಸ್ತೆ ನೋಡುತ್ತಲೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ, "ಆ ಕರಪತ್ರ ಇನ್ನೊಂದಿದ್ರೆ ತಂದ್ಕೊಡು ಕಣ್ಲಾ. ಹತ್ತೊಂಬತ್ತು ಅಂತ ಎಷ್ಟ್ ಚೆಂದಾಗ್ ಹಾಕಿದ್ದೆ!" ಎಂದ.

ಆಗಲಿ ಎಂದೆ. ಬಲಕ್ಕೆ ಹೋಗಿ ಕೂತು ಅದೇ ಮಾತನ್ನು ಇನ್ನೊಮ್ಮೆ ಹೇಳುವ ಧೈರ್ಯ ಬರಲಿಲ್ಲ.

ಗಂಗಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಮೊನ್ನೆ ಮೊದಲ ಸಲ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಕಿವಿಯ ಸುದ್ದಿಯನ್ನೇ ಎತ್ತಲಿಲ್ಲ.

"ಕರಪತ್ರ ಕೊಟ್ರಾ?" ಎಂದಳು.

ಕೊಟ್ಟಿರಲಿಲ್ಲ. ನಾಚಿಕೆಗೆ ಮತ್ತೆ ಕುಣಿಗಲ್ ಕಡೆ ತಲೆಯೇ ಹಾಕಿರಲಿಲ್ಲ. ಇಷ್ಟು ವರ್ಷ ನಾನು ಬೇರೆ ಯಾವುದೋ ತಪ್ಪಿಗೆ ಕೊರಗುತ್ತಿದ್ದೆ.